ಬೂಷ್ಟು ಬೆಳೆಸುತ್ತಿದ್ದ ತಾಯಮ್ಮ

ತಾಯಮ್ಮನವರ ಉಗುರಿನ ಸಂದಿ ಯಾವಾಗ ನೋಡಿದರೂ ಹಸಿರು. ಮದುವೆಮನೆಯಲ್ಲಿ ಬಡಿಸಲು ಎದ್ದರೆ ಬೇರೆ ಹೆಂಗಸರು ಅವರ ಕೈಯಿಂದ ಅನ್ನದ ಬುಟ್ಟಿ ಕಿತ್ತುಕೊಳ್ಳುತ್ತಿದ್ದರಂತೆ. ವೀರನಹೊಸಹಳ್ಳಿ ಕಡೆಯ ಅವರ ಊರಿನಲ್ಲಿ ಬೆನ್ನ ಹಿಂದೆ ಎಲ್ಲರೂ ‘ಬೂಷ್ಟಮ್ಮ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

“ಅನ್ನೋರು ಅನ್ಲಿ ಬುಡಪ್ಪ. ಇದು ಬ್ಯಾರೆ ಬೂಷ್ಟ ತಿನ್ನೋ ಬೂಷ್ಟು ಕಣ. ನನ್ ಗಿಡದ ಬೇರು ಕಾಯ್ತದೆ” ಎನ್ನುತ್ತಿದ್ದರು ನನ್ನೊಡನೆ.

ನಾನು ಹುಣಸೂರಿನ ಒಂದು ಗೊಬ್ಬರ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ತಾಯಮ್ಮ ಅಲ್ಲಿಗೆ ಬರುತ್ತಿದ್ದುದು ಟ್ರೈಕೋಡರ್ಮಾ ಎಂಬ ಬೂಷ್ಟಿನ ಪುಡಿಗೆ ಮಾತ್ರ. ಗಂಡ ಸತ್ತ ಮೇಲೆ ಮಕ್ಕಳಿಲ್ಲದ ಆಕೆಗೆ ಇದ್ದುದು ಮುಕ್ಕಾಲು ಎಕರೆ. ಅದಕ್ಕೂ ಸೊರಗು ರೋಗ ಹಿಡಿದಿತ್ತು. ಟೊಮ್ಯಾಟೊ ಕಾಯಿ ಕಚ್ಚುವ ಹೊತ್ತಿಗೆ ಕೆಳಗಿನ ಎಲೆ ಹಳದಿಯಾಗುತ್ತಿತ್ತು. ಬುಡದಲ್ಲಿ ನೀರಿದ್ದರೂ ಗಿಡ ಬಾಡಿ ಸಾಯುತ್ತಿತ್ತು. ರೋಗದ ಶಿಲೀಂಧ್ರ ಮಣ್ಣಿನಲ್ಲೇ ಕೂತಿತ್ತು. ಯಾವುದೋ ತರಬೇತಿಗೆ ಹೋಗಿ ಬಂದ ತಾಯಮ್ಮ, ಈ ಪುಡಿಯನ್ನು ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಗೆ ಬೆರೆಸಿ, ಹೊಂಗೆಮರದ ನೆರಳಲ್ಲಿ ರಾಶಿ ಹಾಕಿ, ಒದ್ದೆ ಗೋಣಿ ಹೊದಿಸುವುದನ್ನು ಕಲಿತಿದ್ದರು. ರಾಶಿಯ ಮೇಲೆ ಹಸಿರು ಬೂಷ್ಟು ಹೊಮ್ಮಿದ ಮೇಲೆ ಅದನ್ನು ಗುಳಿಗಳಿಗೆ ಹಾಕಿ ಸಸಿ ನೆಡುತ್ತಿದ್ದರು. ಬರಿಗೈಯಲ್ಲೇ ತಿರುವುತ್ತಿದ್ದರು, ಬೇಡವೆಂದರೆ ಕೇಳುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನಾನು ಕೊಟ್ಟ ಪೊಟ್ಟಣಗಳ ತಾರೀಖು ಮುಗಿದಿರಲಿಲ್ಲ. ಆದರೆ ಅವು ಕಾದ ತಗಡಿನ ಚಾವಣಿಯ ಕೆಳಗೆ ಎರಡು ತಿಂಗಳು ಬಿದ್ದಿದ್ದವು. ಅಷ್ಟು ಬಿಸಿಗೆ ಒಳಗಿನ ಜೀವ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ವಾರ ಕಳೆದು ತಾಯಮ್ಮ ಬಂದರು.

“ಹಸಿರೇ ಬರ್ನಿಲ್ಲ ಕಣಪ್ಪ. ಗೊಬ್ಬರ ಅಂಗೇ ಅದೆ. ಸಸಿ ಬೇರೆ ಬಲೀತಾ ಅವೆ.”

ಅಂಗಡಿಯ ಸಾಹುಕಾರರು ಗಲ್ಲಾದಲ್ಲಿ ಕೂತಿದ್ದರು. “ಮಣ್ಣಿಗೆ ಹಾಕಿ ಅಮ್ಮ, ಅಲ್ಲಿ ಬತ್ತದೆ” ಎಂದೆ. ತಾಯಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ನಂಬಿ ಹೋದರು.

ಕಾಯಿ ತುಂಬಿದ್ದಾಗ ಗಿಡಗಳು ಸಾಲುಸಾಲಾಗಿ ಸೊರಗಿದ ಸುದ್ದಿ ಬಂತು. ಬೈಕಿನಲ್ಲಿ ಹೋದೆ. ತಾಯಮ್ಮ ಒಂದು ಗಿಡ ಕಿತ್ತು, ಕುಡುಗೋಲಿನಿಂದ ಕಾಂಡ ಸೀಳಿ ನನ್ನ ಮುಂದೆ ಹಿಡಿದರು. ಒಳಗೆ ಉದ್ದಕ್ಕೂ ಕಂದು ಗೆರೆ.

“ನೋಡು, ನೀರು ಮ್ಯಾಕೆ ಅತ್ತೋ ದಾರೀಲೇ ರೋಗ ಕುಂತದೆ.”

ಇಬ್ಬರೂ ಕೀಳತೊಡಗಿದೆವು, ರೋಗದ ಗಿಡ ಹೊಲದಲ್ಲಿ ಬಿಡುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗದೆ ಪೊಟ್ಟಣದ ವಿಷಯ ಹೇಳಿದೆ.

“ಗೊತ್ತಿದ್ದೂ ಕೊಟ್ಯಾ?”

“ಹೂಂ.”

ತಾಯಮ್ಮ ಆ ಸಾಲಿನ ಗಿಡಗಳನ್ನೆಲ್ಲ ಕಿತ್ತು ಮುಗಿಸಿದರು. ಆಮೇಲೆ ಸೊಂಟ ನೆಟ್ಟಗೆ ಮಾಡಿ ಹೇಳಿದರು: “ಸತ್ತ ಪುಡಿ ಕೊಟ್ಟೆ, ಓಗ್ಲಿ. ನಾನು ತಿರುಗ ಬಂದು ಕೇಳಿದ್ನಲ್ಲಪ್ಪ. ಆಗ್ಲಾದ್ರೂ ಯೋಳ್ಬೌದಿತ್ತು.”

ಕಿತ್ತದ್ದನ್ನೆಲ್ಲ ಒಣಗಿಸಿ ಸುಟ್ಟರು. ಆ ವರ್ಷ ಇನ್ನೊಬ್ಬರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಕೂಲಿಗೆ ಹೋದರಂತೆ. ಅಂಗಡಿಗೆ ಬರಲಿಲ್ಲ.

ಮುಂದಿನ ಮಳೆಗಾಲಕ್ಕೆ ಮುಂಚೆ ಬಂದಾಗ ಅವರ ಕೈಯಲ್ಲಿ ಒಂದು ಡಬ್ಬಿ ಇತ್ತು. ತೆರೆದರೆ, ಬೆಂದ ಅನ್ನದ ಮೇಲೆ ಹಸಿರು ಬೂಷ್ಟು. “ಮಾಲು ಬಂದಾಗೆಲ್ಲ ಒಂದು ಚಿಟಿಕೆ ಇಂಗೆ ಹಾಕ್ನೋಡು. ಹಸಿರು ಬಂದ್ರೆ ಮಾರು. ನಂಗೋಸ್ಕರ ಅಲ್ಲ” ಎಂದರು. ಅಂದಿನಿಂದ ಹಾಗೇ ಮಾಡುತ್ತೇನೆ. ಸಾಹುಕಾರರು ಎರಡು ಸಲ ಬೈದು, ಆಮೇಲೆ ಸುಮ್ಮನಾದರು.

ಆ ಹೊಲಕ್ಕೆ ಒಂದು ವರ್ಷ ರಾಗಿ ಬಿತ್ತಿ, ಆಮೇಲೆ ಮತ್ತೆ ಟೊಮ್ಯಾಟೊ ಇಟ್ಟರು. ರೋಗ ಪೂರ್ತಿ ಹೋಗಲಿಲ್ಲ. ಸಾಲಿಗೆ ಎರಡೋ ಮೂರೋ ಗಿಡ ಸಾಯುತ್ತಿದ್ದವು. ಉಳಿದವು ಕೊನೆಯ ಕೊಯ್ಲಿನವರೆಗೂ ನಿಂತವು.

ಕಳೆದ ವರ್ಷ ಅವರನ್ನು ಉಬ್ಬಸವೆಂದು ಆಸ್ಪತ್ರೆಗೆ ಸೇರಿಸಿದರು. ಬೂಷ್ಟಿನ ಧೂಳು ಕುಡಿದದ್ದಕ್ಕೇ ಎಂದರು ಊರಿನವರು. ಹೃದಯದ ತೊಂದರೆ ಎಂದರು ಡಾಕ್ಟರು. ನೋಡಲು ಹೋದರೆ ತಾಯಮ್ಮ ಕೇಳಿದ್ದು ಒಂದೇ.

“ರಾಶಿ ತಿರುವಿ ಮೂರು ದಿನ ಆಯ್ತು. ಓಗಿ ವಸಿ ನೀರು ಚಿಮುಕಿಸ್ತೀಯಾ?”

ಹೋಗಿ ಚಿಮುಕಿಸಿದೆ. ಗೋಣಿ ಎತ್ತಿದಾಗ ರಾಶಿ ಬೆಚ್ಚಗಿತ್ತು, ಅಂಚಿನಲ್ಲಿ ಆಗಲೇ ಹಸಿರಾಡಿತ್ತು. ಹೇಳೋಣವೆಂದು ಮರುದಿನ ಆಸ್ಪತ್ರೆಗೆ ಹೋದರೆ ಮಂಚ ಖಾಲಿ.

ಹೊಲ ತಾಯಮ್ಮನವರ ಮೈದುನನ ಪಾಲಾಯಿತು. ಅವನು ಅದನ್ನು ಶುಂಠಿಗೆ ಗುತ್ತಿಗೆ ಕೊಟ್ಟ. ಗುತ್ತಿಗೆಯವನು ಈ ಬೇಸಿಗೆ ಜೀಪಿನಲ್ಲಿ ನಮ್ಮ ಅಂಗಡಿಗೇ ಬಂದು, ಮಣ್ಣಿಗೆ ಸುರಿಯುವ ಔಷಧಿಗಳ ಪಟ್ಟಿ ಮುಂದಿಟ್ಟ. ಯಾವ ಹೊಲಕ್ಕೆ ಎಂದು ಕೇಳಿ ತಿಳಿದುಕೊಂಡೆ.

“ಆ ಮಣ್ಣಲ್ಲಿ ಒಳ್ಳೆ ಬೂಷ್ಟು ಕೂತದೆ. ಇವನ್ನೆಲ್ಲ ಸುರಿದ್ರೆ ಅದೂ ಸಾಯ್ತದೆ. ಒಬ್ರು ವರ್ಷಗಟ್ಲೆ ಬೆಳೆಸಿದ್ದು ಕಣ್ರೀ.”

ಅವನು ನಕ್ಕ. “ನಂದು ಒಂದು ವರ್ಷದ ಗುತ್ತಿಗೆ ಕಣ್ರೀ. ಆಮೇಲೆ ಆ ಮಣ್ಣು ಏನಾದ್ರೆ ನಂಗೇನು?”

ಗಲ್ಲಾದಿಂದ ಸಾಹುಕಾರರು ನನ್ನ ಹೆಸರು ಹಿಡಿದು ಕೂಗಿದರು. ಕ್ಯಾನುಗಳನ್ನು ಇಳಿಸಿ, ಒಂದೊಂದಾಗಿ ನಾನೇ ಹೊತ್ತು ಅವನ ಜೀಪಿಗೆ ಇಟ್ಟೆ.