ಹಿಂದಿನ ಸಾಲಿನ ಯೂಫೋನಿಯಂ

ಪಕ್ಕದ ಮನೆಯವರು ಮೊನ್ನೆ ಪೂಜೆಗೆಂದು ದೀಪಗಳನ್ನು ಉಜ್ಜುತ್ತಿದ್ದರು. ಹಿತ್ತಾಳೆ ಪಾಲಿಶಿನ ವಾಸನೆ ನನ್ನ ಬಾಲ್ಕನಿಯವರೆಗೂ ಬಂತು. ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ. ಮಣ್ಣಗುಡ್ಡದ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯಲ್ಲಿದ್ದ ಮಾವ. ಸಂಬಂಧಿಕರಲ್ಲ, ಹಾಗೆ ಕರೆಯುತ್ತಿದ್ದೆವು, ಅಷ್ಟೆ.

ಹಗಲೆಲ್ಲ ಮನೆತನದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಸಂಜೆಯಾದರೆ ಪಾಲಿಶ್ ಹಾಕಿ ಉಜ್ಜಿದ ಟ್ರಂಪೆಟ್. ಇಗರ್ಜಿಯ, ಅಂದರೆ ಚರ್ಚಿನ, ಹಬ್ಬಕ್ಕೆ ಬ್ರಾಸ್ ಬ್ಯಾಂಡಿನಲ್ಲಿ, ನವರಾತ್ರಿಗೆ ಹುಲಿವೇಷದ ತಂಡದಲ್ಲಿ, ಮದುವೆಗಳಿಗೆ ಆರ್ಕೆಸ್ಟ್ರಾದಲ್ಲಿ. ಅವರು ಒಬ್ಬರೇ ನುಡಿಸಿದ್ದನ್ನು ನಾನು ಕೇಳಿಲ್ಲ. ಮನೆಯಲ್ಲಿ ಅಭ್ಯಾಸಕ್ಕೂ ಜೊತೆ ಬೇಕು. ಯಾರೂ ಸಿಗದಿದ್ದರೆ ಅತ್ತೆ ಅಡಿಗೆ ಬಿಟ್ಟು ಬಂದು ಹಾರ್ಮೋನಿಯಂ ಹಿಡಿಯಬೇಕಿತ್ತು…

ನಾನು ಅತ್ತಾವರದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಒಂದು ಬೆಳಿಗ್ಗೆ ಮಾವ ನನ್ನ ವಿಭಾಗಕ್ಕೇ ಬಂದರು. ಮುಖದ ಬಲಭಾಗ ಜೋತುಬಿದ್ದಿತ್ತು. ನರ ಸೋತಿದೆ, ವ್ಯಾಯಾಮ ಮಾಡಿಸಿ ಎಂದು ವೈದ್ಯರು ಕಳಿಸಿದ್ದರು.

"ಚಾ ಕುಡಿದ್ರೆ ಅಂಗಿಗೆ ಬೀಳ್ತದೆ ಮಗಾ," ಎಂದರು. ತುಟಿ ಒರೆಸಿಕೊಂಡು, "ಅದು ಹೋಗ್ಲಿ. ಇನ್ನು ಊದ್ಲಿಕ್ಕೆ ಆಗ್ತದಾ?"

"ನೋಡುವ ಮಾವ," ಎಂದೆ.

ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಕೂತು ಕೆನ್ನೆ ಉಬ್ಬಿಸಿದರು, ಹುಬ್ಬು ಎತ್ತಿದರು. ಕಣ್ಣು ಮುಚ್ಚುವಂತಾಯಿತು, ನಗುವೂ ಮರಳಿತು. ಆದರೆ ತುಟಿಯ ಬಲಮೂಲೆಯಿಂದ ಗಾಳಿ ಸೋರುವುದು ನಿಲ್ಲಲಿಲ್ಲ. ಟ್ರಂಪೆಟ್ಟಿನ ಎತ್ತರದ ಸ್ವರಕ್ಕೆ ಆ ತುಟಿ ಸಾಲದು. ಇನ್ನು ಹೆಚ್ಚಿನದನ್ನು ನಿರೀಕ್ಷಿಸಬೇಡಿ ಎಂದು ನಾನೇ ಹೇಳಿದೆ. ಆಯ್ತು ಎಂದು ಎದ್ದು ಹೋದರು. ಆಮೇಲೆ ಬಹಳ ದಿನ ಮೇಲಿನಿಂದ ಸದ್ದಿರಲಿಲ್ಲ.

ಒಂದು ಭಾನುವಾರ ಇಗರ್ಜಿಯ ಬ್ಯಾಂಡ್ ಮಾಸ್ಟರ್ ಮಾವನನ್ನು ನೋಡಲು ಬಂದರು. ನಾನೂ ಅಲ್ಲಿದ್ದೆ.

"ಹಬ್ಬದ ದಿವಸ ನಿಮಗೊಂದು ಸನ್ಮಾನ ಇಡುವ ಅಂತ ಉಂಟು," ಎಂದರು ಮಾಸ್ಟರ್.

"ಎಂತಕ್ಕೆ? ಶಾಲು ಹೊದೆಸಿ ಮನೆಗೆ ಕಳಿಸ್ಲಿಕ್ಕಾ?" ಮಾವನ ದನಿ ಏರಿತು. ಆಮೇಲೆ ಅವರೇ ಕೇಳಿದರು: "ಯೂಫೋನಿಯಂ ಈಗ ಯಾರು ಊದ್ತಾರೆ?"

"ಯಾರಿಲ್ಲ. ಸುಮ್ಮನೆ ಬಿದ್ದುಕೊಂಡು ಉಂಟು."

"ಹಾಗಾದ್ರೆ ಅದನ್ನು ತನ್ನಿ ಮಾರಾಯ್ರೆ. ನನಗೆ ನಿಮ್ಮ ಜೊತೆ ಕೂರ್ಲಿಕ್ಕೆ ಒಂದು ಕುರ್ಚಿ ಸಾಕು."

ಯೂಫೋನಿಯಂ ಮಡಿಲು ತುಂಬುವಷ್ಟು ದೊಡ್ಡದು, ತಗ್ಗು ದನಿಯದು. ಊದುವ ಬಾಯಿ ಅಗಲ, ತುಟಿಯನ್ನು ಅಷ್ಟು ಬಿಗಿಯಬೇಕಿಲ್ಲ. ಹಬ್ಬದ ದಿನ ನಾನೂ ಹೋಗಿದ್ದೆ. ಮುಂದೆ ಮಾವನ ಜಾಗದಲ್ಲಿ ಬೇರೊಬ್ಬ ಟ್ರಂಪೆಟ್ ಹಿಡಿದು ನಿಂತಿದ್ದ. ಮಾವ ಹಿಂದಿನ ಸಾಲಿನಲ್ಲಿ ಎರಡು ಮೂರು ಸ್ವರಗಳನ್ನೇ ಮತ್ತೆ ಮತ್ತೆ ಊದುತ್ತಿದ್ದರು. ಸಂಗೀತ ನನಗೆ ಗೊತ್ತಿಲ್ಲ, ಅವರ ಬಾಯಿಯ ಸ್ನಾಯುಗಳನ್ನೇ ನೋಡುತ್ತಿದ್ದೆ. ಗಾಳಿ ಸೋರುತ್ತಲೇ ಇತ್ತು. ಅವರ ಕಣ್ಣು ಮಾತ್ರ ಮುಂದಿನವನ ಬೆನ್ನಿನ ಮೇಲಿತ್ತು, ಅವನು ಉಸಿರೆಳೆದಾಗ ಇವರೂ ಎಳೆಯುತ್ತಿದ್ದರು.

ಹೀಗೆಯೇ ಕೆಲವು ವರ್ಷ ನುಡಿಸಿದರು. ಆಮೇಲೆ ಹೃದಯ ಕೈಕೊಟ್ಟಿತು.

ಅಂತ್ಯಕ್ರಿಯೆಯ ದಿನ ಮೂರೂ ತಂಡದವರು ಬಂದಿದ್ದರು. ಬೇರೆ ಬೇರೆ ಗುಂಪಾಗಿ ಅಂಗಳದಲ್ಲಿ ನಿಂತಿದ್ದರು, ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ಮಾಸ್ಟರ್ ಹುಲಿವೇಷದ ಡೋಲಿನವರ ಬಳಿ ಹೋಗಿ, "ಒಟ್ಟಿಗೆ ಒಂದು ನುಡಿಸುವಾ?" ಎಂದು ಕೇಳಿದರು.

"ಯಾವುದು? ನಿಮ್ಮದು ನಮಗೆ ಬರುವುದಿಲ್ಲ," ಎಂದರು ಡೋಲಿನವರು. "ಎರಡೂ ಬರ್ತಿದ್ದದ್ದು ಅವರಿಗೆ…"

ಯಾರೂ ನುಡಿಸಲಿಲ್ಲ. ವಾದ್ಯ ಹಿಡಿದುಕೊಂಡೇ ಆ್ಯಂಬುಲೆನ್ಸಿನ ಹಿಂದೆ ಗೇಟಿನವರೆಗೆ ನಡೆದರು.

ಅತ್ತೆ ಖಾಲಿ ಮಾಡಿದ ಮೇಲಿನ ಮನೆಯಲ್ಲಿ ಈಗ ಕಾಲೇಜು ಹುಡುಗರಿದ್ದಾರೆ. ಇಯರ್‌ಫೋನ್ ಹಾಕಿಕೊಂಡು ಮೆಟ್ಟಿಲು ಹತ್ತುತ್ತಾರೆ. ಒಳ್ಳೆಯವರೇ, ಗಲಾಟೆಯಿಲ್ಲ. ಆ ಮೌನಕ್ಕೆ ನಾನಿನ್ನೂ ಒಗ್ಗಿಕೊಂಡಿಲ್ಲ.