ರಿಸೆಪ್ಶನ್‌ಗೆ ಬಂದ್ರೆ ಸಾಕು

ಮದುವೆ ಹಾಲ್‌ನಲ್ಲಿ ಲೋಟ ತೊಳೆಯುವ ಆ ಹೆಂಗಸಿಗೆ ಅಲ್ಲಿಯವರೆಲ್ಲ ಲೋಟದಕ್ಕ ಎನ್ನುತ್ತಿದ್ದರು. ಅಡುಗೆಯವನು, ವಾಚ್‌ಮನ್, ಲೈಟಿನವನು, ಕೊನೆಗೆ ಮ್ಯಾನೇಜರ್ ಕೂಡ. ಅವಳಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಗಂಡ ಬಿಟ್ಟುಹೋದ ಮೇಲೆ ಅನ್ನ ಹಾಕಿದ್ದು ಆ ಹಾಲ್. ಹೆಸರಿಟ್ಟರೆ ಇಡಲಿ ಬಿಡಿ.

ಹಾಲ್‌ನ ಹಿಂದೆ ಅವಳ ತೊಳೆಯುವ ಕೋಣೆ. ಎರಡು ಕಲ್ಲಿನ ತೊಟ್ಟಿ, ಒಂದು ಸೋರುವ ನಲ್ಲಿ, ಹಾಲ್‌ಗೆ ತೆರೆಯುವ ಒಂದು ಬಾಗಿಲು. ಆ ಬಾಗಿಲ ಸಂದಿಯಿಂದ ಅವಳು ಕಂಡಷ್ಟು ಮದುವೆಗಳನ್ನು ಫೋಟೋದವನೂ ಕಂಡಿರಲಾರ. ಮದುವೆ ಹೊತ್ತಿಗೆ ಬರುವವರು ಯಾರು, ರಿಸೆಪ್ಶನ್‌ಗಷ್ಟೇ ಬರುವವರು ಯಾರು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಮದುವೆಗೆ ಬರುವವರು ಹತ್ತಿರದವರು. ಅವರು ಅಳುತ್ತಾರೆ, ಮುನಿಸಿಕೊಳ್ಳುತ್ತಾರೆ, ಮುಂದಿನ ಕುರ್ಚಿಗಾಗಿ ಜಗಳಕ್ಕೆ ನಿಲ್ಲುತ್ತಾರೆ. ರಿಸೆಪ್ಶನ್‌ಗೆ ಬರುವವರು ಕೈಕುಲುಕಿ, ಫೋಟೋಗೆ ಹಲ್ಲು ಕಿರಿದು, ನೇರ ಊಟಕ್ಕೆ ನಡೆಯುತ್ತಾರೆ.

ಅಂಥವಳ ಮನೆಗೆ ಒಂದು ದಿನ ಅವಳ ಅಮ್ಮನೇ ಬಂದು, "ನೀನು ರಿಸೆಪ್ಶನ್‌ಗೆ ಬಂದ್ರೆ ಸಾಕು" ಅಂದಳು. ಮದುವೆ ಯಾರದ್ದು ಅಂತೀರಿ? ಒಡಹುಟ್ಟಿದ ತಂಗಿಯದು.

ಆಗಿದ್ದಿಷ್ಟು. ಹುಡುಗನ ಕಡೆಯವರು ಅನುಕೂಲಸ್ಥರು. ಹುಡುಗಿಯ ಅಕ್ಕ ಯಾವುದೋ ಆಫೀಸಿನಲ್ಲಿದ್ದಾಳೆ ಎಂದು ಅಮ್ಮ ಮಾತಿನ ಭರದಲ್ಲಿ ಅವರೆದುರು ಹೇಳಿಬಿಟ್ಟಿದ್ದಳು. ಆಮೇಲೆ ಅವರು ಹಾಲ್ ಹಿಡಿದರು ನೋಡಿ, ಊರಲ್ಲಿ ಇನ್ನೊಂದು ಇಲ್ಲವೇನೋ ಎಂಬಂತೆ ಇದನ್ನೇ ಹಿಡಿದರು. ರಿಸೆಪ್ಶನ್ ಮಾತ್ರ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ.

"ಹಾಲಲ್ಲಿ ನಿನ್ನ ಕಂಡ ಕೂಡ್ಲೇ ಯಾರಾದ್ರೂ ಲೋಟದಕ್ಕ ಅಂತ ಕೂಗ್ತಾರೆ ಕಣೇ. ಅಲ್ಲಿಗೆ ಮುಗೀತು. ಆಫೀಸಲ್ಲಿ ರಜ ಸಿಕ್ಕಿಲ್ಲ, ಸಂಜೆ ಬರ್ತಾಳೆ ಅಂದಿದೀನಿ. ಅವತ್ತು ನೀನು ರಜ ಹಾಕಿ ಮನೇಲಿರು. ಸಂಜೆ ಹೋಟೆಲಿಗೆ ಬಾ. ಅಲ್ಲಿ ನಿನ್ನ ಗುರುತು ಯಾರಿಗಿದೆ?"

"ಅವಳೇನಂದ್ಲು?"

"ಅಕ್ಕಂಗೆ ಬೇಜಾರಾಗಲ್ವಾ ಅಂದ್ಲು. ಆಗಲ್ಲ ಅಂದೆ."

ಆಗಲ್ಲವಂತೆ. ಎಷ್ಟು ಸಲೀಸಾಗಿ ಹೇಳಿಬಿಟ್ಟಳು ನೋಡಿ ಆ ತಾಯಿ. ಅಮ್ಮ ದುಡಿಯಲು ಹೋಗುತ್ತಿದ್ದ ಕಾಲದಲ್ಲಿ ಆ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಇವಳು. ಜಡೆ ಹಾಕಿದವಳು, ಜ್ವರ ಬಂದರೆ ಮಗ್ಗುಲಲ್ಲಿ ಕೂತವಳು ಇವಳು. ಆದರೂ ಹೂಂ ಅಂದಳು.

ಹೂಂ ಅಂದಳೇ ಹೊರತು ರಜ ಹಾಕಲಿಲ್ಲ. ಮನೆಯಲ್ಲಿ ಗೋಡೆ ನೋಡುತ್ತ ಕೂತರೆ ಹುಚ್ಚು ಹಿಡಿಯುತ್ತದೆ ಎನಿಸಿತ್ತು. ಬಾಗಿಲ ಸಂದಿಯಿಂದ ತಂಗಿಯ ಮದುವೆಯನ್ನು ಕಣ್ತುಂಬ ನೋಡುವುದು, ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡು ಹೊರಡುವುದು, ಸಂಜೆ ಹೊಸ ಬಟ್ಟೆ ಹಾಕಿಕೊಂಡು ಆಫೀಸಿನ ಅಕ್ಕನಾಗಿ ಹೋಗಿ ಅವಳ ಪಕ್ಕ ನಿಲ್ಲುವುದು. ಇದು ಅವಳ ಲೆಕ್ಕಾಚಾರ.

ಅವತ್ತು ನೋಡಿದರೆ ಅಲಂಕಾರದವರು ಆ ಬಾಗಿಲಿಗೇ ಅಡ್ಡವಾಗಿ ದಪ್ಪನೆಯ ಪರದೆ ಕಟ್ಟಿದ್ದರು. ಏನೂ ಕಾಣದು. ಕುರ್ಚಿ ಎಳೆದ ಸದ್ದು, ಯಾರದ್ದೋ ನಗು, ನಡುವೆ ಅಮ್ಮನ ಕೆಮ್ಮು ಕೇಳುತ್ತಿತ್ತು. ಎಲ್ಲರೂ ಇದ್ದಾರೆ, ನಾನೊಬ್ಬಳೇ ಇಲ್ಲ ಎನಿಸಿತು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆದಳು.

ಅಷ್ಟರಲ್ಲಿ ಮ್ಯಾನೇಜರ್ ತಲೆ ಹಾಕಿದ. "ಮುಂದಿನ ಸಾಲಲ್ಲಿ ಯಾರೋ ಜ್ಯೂಸ್ ಚೆಲ್ಲಿದಾರೆ. ನೆಲ ಒರೆಸೋನು ಎಲ್ಲಿ ಹಾಳಾಗಿ ಹೋದ?"

ಒರೆಸುವವನು ಹಿತ್ತಿಲ ಮೆಟ್ಟಿಲ ಮೇಲೆ ಟೀ ಕುಡಿಯುತ್ತಿದ್ದ. ಒಂದು ಕೂಗು ಹಾಕಿದ್ದರೆ ಬರುತ್ತಿದ್ದ. ಅವಳು ಕೂಗಲಿಲ್ಲ.

"ನಾನೇ ಹೋಗ್ತೀನಿ ಸಾರ್."

ತಲೆಗೆ ಬಟ್ಟೆ ಸುತ್ತಿಕೊಂಡು, ಮುಖ ಎತ್ತದೆ ಹೋಗಿ ಮುಂದಿನ ಸಾಲಿನ ಬಳಿ ಮಂಡಿಯೂರಿದಳು. ಒರೆಸುತ್ತ ಒರೆಸುತ್ತ ತಡೆಯಲಾಗದೆ ತಲೆ ಎತ್ತಿದಳು. ಅದೇ ಗಳಿಗೆಯಲ್ಲಿ ಹುಡುಗ ತಂಗಿಯ ಬೆರಳಿಗೆ ಉಂಗುರ ತೊಡಿಸುತ್ತಿದ್ದ. ತಂಗಿಯ ಕಣ್ಣು ಇವಳ ಮೇಲೆ ಬಿತ್ತು. ತುಟಿ ಅಲುಗಿತು. ಆಮೇಲೆ ಮೆಲ್ಲಗೆ ಮುಖ ತಿರುಗಿಸಿಕೊಂಡಳು. ಲೋಟದಕ್ಕನಿಗೆ ಕಣ್ಣೀರು ಕಿತ್ತುಕೊಂಡು ಬಂತು.

ಜ್ಯೂಸ್ ಚೆಲ್ಲಿಕೊಂಡಿದ್ದ ವಯಸ್ಸಾದ ಹೆಂಗಸು ಬಗ್ಗಿ ಅವಳ ಹೆಗಲ ಮೇಲೆ ಕೈ ಇಟ್ಟಳು. "ಯಾಕಮ್ಮಾ ಅಳ್ತಿದೀಯ? ಹುಷಾರಿಲ್ವಾ?"

"ಏನಿಲ್ಲಮ್ಮಾ. ಇವತ್ತೇ ನನ್ನ ತಂಗೀದೂ ಮದುವೆ." ಬಾಯಿ ಜಾರಿತ್ತು.

"ಮತ್ತೆ ಇಲ್ಲೇನು ಮಾಡ್ತಿದೀಯ?"

"ಸಂಜೆ ರಿಸೆಪ್ಶನ್‌ಗೆ ಹೋಗ್ತೀನಮ್ಮಾ."

"ಒಡಹುಟ್ಟಿದೋಳು ರಿಸೆಪ್ಶನ್‌ಗೆ ಹೋಗೋದಾ? ಅದು ಊರೋರು ಹೋಗೋದು. ನಮ್ಮ ಸೊಸೆ ಅಕ್ಕನೂ ಹೀಗೇ ಮಾಡಿದಾಳೆ ನೋಡು, ರಜ ಸಿಗಲಿಲ್ಲವಂತೆ. ಬರಲಿ ಸಂಜೆ, ಕಿವಿ ಹಿಂಡ್ತೀನಿ."

ನಮ್ಮ ಸೊಸೆ ಎಂದಾಗ ಲೋಟದಕ್ಕನಿಗೆ ಹೊಳೆಯಿತು. ಇವರು ಹುಡುಗನ ತಾಯಿ. ಆಕೆ ತನ್ನ ಕರವಸ್ತ್ರ ತೆಗೆದು, ಇವಳ ಗಲ್ಲ ಹಿಡಿದೆತ್ತಿ, ಮುಖ ದಿಟ್ಟಿಸಿ ನೋಡುತ್ತ ಕಣ್ಣೀರು ಒರೆಸಿದಳು. ಮ್ಯಾನೇಜರನ್ನು ಕರೆದು, "ಪಾಪ, ಇವಳನ್ನ ಈಗಲೇ ಮನೆಗೆ ಕಳಿಸ್ರಪ್ಪಾ" ಎಂದೂ ಹೇಳಿದಳು. ಎಂಥ ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ನೆಲ ಒರೆಸುವವಳ ಮುಖವನ್ನು ನೋಡುತ್ತಲೇ ಇರಲಿಲ್ಲ, ಇವಳ ಸಂಜೆಯಾದರೂ ಉಳಿಯುತ್ತಿತ್ತು.

ತೊಳೆಯುವ ಕೋಣೆಗೆ ಬಂದು ತೊಟ್ಟಿಯ ಅಂಚು ಹಿಡಿದು ನಿಂತಳು. ಕನ್ನಡಕ ಹಾಕಿಕೊಂಡು ಹೋದರೆ? ಹಿಂದೆ ಗುಂಪಿನಲ್ಲಿ ನಿಂತರೆ? ಎಲ್ಲಿ ನಿಂತರೂ ಆಫೀಸಿನ ಅಕ್ಕ ಎಲ್ಲಿ ಎಂದು ಆಕೆ ಹುಡುಕಿಕೊಂಡು ಬರುತ್ತಾಳೆ. ಬಂದು ಈ ಮುಖದ ಗುರುತು ಹಿಡಿದರೆ ಹಾಳಾಗುವುದು ತನ್ನ ಮಾನವಲ್ಲ, ತಂಗಿಯ ಬಾಳು. ತಾನಾಗಿ ಹೋಗಿ ಮಾಡಿಕೊಂಡ ಅನಾಹುತ, ಯಾರನ್ನು ಬೈಯುವುದು?

ಮಧ್ಯಾಹ್ನ ಹಿತ್ತಿಲಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ನಾನು ಇವತ್ತು ಕೆಲಸಕ್ಕೆ ಬಂದುಬಿಟ್ಟೆ. ನಿಮ್ಮ ಬೀಗಿತ್ತಿ ನನ್ನ ನೋಡಿದ್ರು, ಮಾತೂ ಆಡಿದ್ರು. ಸಂಜೆ ಬರೋಕಾಗಲ್ಲ."

"ಯಾರು ಅಂತ ಹೇಳಿದ್ಯಾ?"

"ಇಲ್ಲ."

"ಸರಿ ಬಿಡು." ಅಮ್ಮನ ದನಿ ಹಗುರವಾಗಿತ್ತು. "ಹೋಟೆಲಲ್ಲೂ ಯಾರಾದ್ರೂ ಗುರುತು ಹಿಡಿದುಬಿಟ್ರೆ ಅಂತ ನಂಗೆ ಎದೆ ಹೊಡ್ಕೋತಾನೇ ಇತ್ತು. ಜ್ವರ ಅಂತ ಹೇಳ್ತೀನಿ."

ಅವಳು ಫೋನ್ ಇಡದೆ ಕಾದಳು. ಹೇಳಿದ ಮಾತು ಕೇಳಲಿಲ್ಲವೆಂದು ಅಮ್ಮ ಬೈಯಲಿ, ಎಲ್ಲಾ ಹಾಳು ಮಾಡಿಕೊಂಡೆಯಲ್ಲೇ ಎಂದು ಅಳಲಿ. ಹಾಗಾದರೂ, ತಾನು ಬರಲಿ ಎಂಬ ಆಸೆ ಅಮ್ಮನಿಗೆ ಇತ್ತು ಎಂದುಕೊಳ್ಳಬಹುದಿತ್ತು. ಅಮ್ಮ ಬೈಯಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಫೋನ್ ಇಟ್ಟಳು.