ವಾರಂಟಿ ಸೀಲು ಒಡೆದ ಸಾಹೇಬರು

ಟಪ್ ಎಂದು ಸಣ್ಣ ಸದ್ದು. ಆಮೇಲೆ ಸುಟ್ಟ ವಾರ್ನಿಷಿನಂಥ ವಾಸನೆ, ಗಂಟಲಿಗೂ ಇಳಿಯುವಂಥದ್ದು. ಕಳೆದ ತಿಂಗಳು ಕಚೇರಿಯ ಕಂಪ್ಯೂಟರಿನಿಂದ ಆ ವಾಸನೆ ಬಂದಾಗ ಎಲ್ಲರೂ ಕಿಟಕಿ ತೆರೆದರು. ನನಗೆ ತುಮಕೂರಿನ ಒಂದು ರಿಪೇರಿ ಅಂಗಡಿಯ ಸಾಹೇಬರು ನೆನಪಾದರು.

ಆಗ ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಮಾರ್ಕೋನಹಳ್ಳಿ ನಾಲೆಯ ಕೆಳಗಿನ ಊರುಗಳ ಬಗ್ಗೆ ಬರೆದ ಪ್ರಬಂಧವೆಲ್ಲ ಕುಣಿಗಲ್ಲಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿತ್ತು. ನಕ್ಷೆಗಳಿದ್ದುದರಿಂದ ಫ್ಲಾಪಿಗೆ ಹಿಡಿಸುತ್ತಿರಲಿಲ್ಲ, ಬೇರೆ ಪ್ರತಿ ಇರಲಿಲ್ಲ. ದಸರಾ ರಜೆ ಮುಗಿದ ವಾರವೇ ಒಪ್ಪಿಸಬೇಕಿತ್ತು. ಆಯುಧಪೂಜೆಯ ದಿನ ಅಮ್ಮ ಕಂಪ್ಯೂಟರಿಗೂ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ತೀರ್ಥ ಚಿಮುಕಿಸಿದರು. ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವಂತಿರಲಿಲ್ಲ. ಮರುದಿನ ಸ್ವಿಚ್ ಒತ್ತಿದೆ... ಅದೇ ಸದ್ದು, ಅದೇ ವಾಸನೆ.

ಹಬ್ಬ ಕಳೆದು ಅಂಗಡಿಗಳು ತೆರೆದ ದಿನ ಸಿಪಿಯು ಡಬ್ಬವನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ಒಯ್ದೆ. ಮಾರಿದ ಅಂಗಡಿಯವರು ತೆರೆದೂ ನೋಡಲಿಲ್ಲ. ವಾರಂಟಿಯ ಮಾಲು ಬೆಂಗಳೂರಿಗೇ ಹೋಗಬೇಕು, ವಾರಗಟ್ಟಲೆ ಆಗುತ್ತದೆ, ಒಳಗಿರುವುದನ್ನು ಅಲ್ಲಿ ಅಳಿಸಿಬಿಡಲೂಬಹುದು ಎಂದರು. ಬೇರೆಯವರು ಸೀಲು ಒಡೆದರೆ ವಾರಂಟಿ ಹೋದಂತೆ.

ಡಬ್ಬ ಹೊತ್ತು ಹೊರಗೆ ಬಂದೆ. ಎಷ್ಟು ಹೊತ್ತು ನಿಂತಿದ್ದೆನೋ...

"ಅಷ್ಟು ಭಾರ ಹೊತ್ಕೊಂಡು ಬಿಸ್ಲಲ್ಲಿ ಯಾಕಮ್ಮ ನಿಂತಿದೀಯಾ? ಒಳಗೆ ಬಾ."

ಎದುರಿನ ರಿಪೇರಿ ಅಂಗಡಿಯ ಸಾಹೇಬರು. ಬಿಳಿ ಗಡ್ಡ, ತಲೆಯ ಮೇಲೆ ಟೋಪಿ, ಅದರ ಮೇಲಕ್ಕೆ ಸರಿಸಿದ ಕನ್ನಡಕ. ಮೊದಲು ಬೇರೆ ವೈರು ಚುಚ್ಚಿ ನೋಡಿದರು, ಏನೂ ಆಗಲಿಲ್ಲ. ಬಗ್ಗಿ ಹಿಂಬದಿಯ ಫ್ಯಾನನ್ನು ಮೂಸಿದರು. ರೆಕ್ಕೆಗೆ ಕುಂಕುಮ ಮೆತ್ತಿಕೊಂಡಿತ್ತು.

"ಪವರ್ ಸಪ್ಲೈ ಸುಟ್ಟೋಗಿದೆ. ತೀರ್ಥ ಹಿಂದ್ಗಡೆಯಿಂದ ಹಾಕಿದ್ರಾ? ದಸರಾ ಮುಗಿದ್ರೆ ನಮ್ಗೆ ಸೀಸನ್ ಕಣಮ್ಮ, ನಿಮ್ಮ ತಾಯಂದಿರ ಪುಣ್ಯ."

ನನಗೆ ನಗು ಬರಲಿಲ್ಲ. ಅವರು ಸೀಲು ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟರು. ಯಾರು ಕೊಡಿಸಿದ್ದು ಎಂದು ಕೇಳಿದರು. ಅಪ್ಪ ಎಂದೆ. ಹಾಗಾದರೆ ಅವರನ್ನೇ ಕೇಳು ಎಂದು ಫೋನು ಮುಂದೆ ತಳ್ಳಿದರು.

ಅಪ್ಪ ಗುಬ್ಬಿಯಲ್ಲಿ ಕೆಲಸದಲ್ಲಿದ್ದರು. "ಒಡಿಬೇಡ ಕಣೇ, ಹೊಸ ಮಾಲು. ಮುಂದಿನ್ ವರ್ಷ ಬರ್ದು ಕೊಟ್ರಾಯ್ತು," ಎಂದರು. ನಮ್ಮ ಮನೆಯಲ್ಲಿ ನನ್ನ ಓದಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ಗಂಡು ನೋಡುವ ಮಾತು ಆಗಲೇ ಶುರುವಾಗಿತ್ತು. ಅಪ್ಪ ಬೇಡ ಅಂತಾರೆ ಎಂದು ಫೋನು ಕೆಳಗಿಡಹೋದೆ. ಸಾಹೇಬರು ಫೋನು ತೆಗೆದುಕೊಂಡರು.

"ಸಾರ್, ಮಿಷನ್ ಹೋದ್ರೆ ಮಿಷನ್ ತಂದ್ಕೊಡ್ತೀನಿ. ಈ ಮಗು ಬರ್ದಿರೋದು ಹೋದ್ರೆ ಎಲ್ಲಿಂದ ತರ್ಲಿ?" ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಹೂಂ ಸಾರ್, ನಾನೇ ವಾರಂಟಿ ಅನ್ಕೊಳಿ."

ಸೀಲು ಹರಿಯಿತು. ಬೇರೆ ಪವರ್ ಸಪ್ಲೈ ಕೂರಿಸಿ ಒತ್ತಿದರು. ಫ್ಯಾನು ತಿರುಗಿತು, ಅಂಗಡಿಯ ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದರು. ಕಪ್ಪು. ನಾನು ಸ್ಟೂಲಿನ ಮೇಲೆ ಕುಳಿತೆ. ಅವರು ಮೆಮೊರಿಯ ಪಟ್ಟಿ ಕಿತ್ತು, ರಬ್ಬರಿನಿಂದ ಉಜ್ಜಿ, ಕಣ್ಣು ಮುಚ್ಚಿ ಮೆಲ್ಲಗೆ ಏನನ್ನೋ ಹೇಳಿಕೊಂಡು ಮರಳಿ ಕೂರಿಸಿದರು. ಬೀಪ್ ಎಂದಿತು. ನನ್ನ ನಾಲೆ, ನನ್ನ ಊರುಗಳು, ಎಲ್ಲ ಇದ್ದವು. ಆಗ ಅತ್ತೆ. ಅವರು ಬಾಗಿಲ ಕಡೆ ತಿರುಗಿ ನಿಂತರು.

ಪ್ರಬಂಧವನ್ನು ಸಮಯಕ್ಕೆ ಒಪ್ಪಿಸಿದೆ. ಅದರಿಂದಲೇ ಈ ಕೆಲಸ ಸಿಕ್ಕಿತು. ಮರುವರ್ಷ ಅದೇ ಕಂಪ್ಯೂಟರು ಮತ್ತೆ ಕೆಟ್ಟಾಗ ಸಾಹೇಬರು ಒಂದು ಪೈಸೆಯೂ ಕೇಳದೆ ಸರಿಮಾಡಿಕೊಟ್ಟರು. ಆಮೇಲೆ ನಾನು ಆ ಕಡೆ ಹೋಗಲಿಲ್ಲ...

ಕಚೇರಿಯಲ್ಲಿ ಆ ವಾಸನೆ ಬಂದ ದಿನ ಸಂಜೆ ಅಂಗಡಿಗೆ ಫೋನು ಮಾಡಿದೆ. ಅವರ ಮಗಳು ಎತ್ತಿದಳು. "ನಮ್ಮ ಅಬ್ಬಾ ಇಲ್ಲ ಅಕ್ಕ. ರಂಜಾನ್‌ಗೆ ಮುಂಚೆನೇ ತೀರ್ಕೊಂಡ್ಬುಟ್ರು. ರಿಪೇರಿ ಏನಾದ್ರೂ ಇತ್ತಾ?"

ಇಲ್ಲ ಎಂದೆ. ಮನೆ ಎಲ್ಲಿ ಎಂದು ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ರಜೆ ಹಾಕಿ ಅಲ್ಲಿಗೆ ಹೋದೆ. ಅವರ ಮಡದಿ ಬಾಗಿಲಿಗೆ ಬಂದು ಯಾರಮ್ಮ ಎಂದರು. ದಾರಿಯುದ್ದಕ್ಕೂ ಬೇರೆ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಗಿರಾಕಿ ಎಂದೆ. ಅವರು ಒಳಗೆ ಕರೆದು ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಚಪ್ಪಲಿ ಬಿಟ್ಟು ಹೋಗಿ ಅವರ ಪಕ್ಕ ಕುಳಿತೆ.